ನಿರಾಶ್ರಿತರಿಗೆ ನೆರವಾಗಬೇಕಾ? ಹಳೇ ಬಟ್ಟೆ ಕಟ್ಟೋ ಮೊದಲು ಇದನ್ನ ಓದಿ

ಮುಂಡಗೋಡ: ಹುಬ್ಬಳ್ಳಿ ಬಸ್ಸಿನಲ್ಲಿ ಕೆಂಪು ನಿಲುವಂಗಿಯ ಸನ್ಯಾಸಿಗಳು, ಉದ್ದನೆಯ ಛುಪಾ ತೊಟ್ಟ ಅಜ್ಜಿಯರು ಕಾಣದ ದಿನವೇ ಇಲ್ಲ. ತಾಲೂಕಿನ ಟಿಬೆಟಿಯನ್ ಕಾಲನಿ ಶುರುವಾಗಿದ್ದು 1966ರಲ್ಲಿ. ಅಂದ್ರೆ ಅಜ್ಜ, ಮಗ, ಮೊಮ್ಮಗ ಅಂತ ಮೂರು ತಲೆಮಾರು ಇಲ್ಲೇ ಕಳೆದಿದೆ. ಆದರೂ ಇವರಲ್ಲಿ ಬಹಳಷ್ಟು ಜನ ಕಾನೂನಿನ ಲೆಕ್ಕದಲ್ಲಿ ಇವತ್ತಿಗೂ ವಿದೇಶಿಯರೇ. ಕೈಯಲ್ಲಿರುವ ಒಂದು ನೋಂದಣಿ ಪತ್ರದ ಅವಧಿ ಮುಗಿದರೆ ಬ್ಯಾಂಕು, ಪ್ರಯಾಣ, ಬಾಡಿಗೆ ಮನೆ, ಕೆಲಸ ಎಲ್ಲಕ್ಕೂ ತೊಡಕು.

ನಿರಾಶ್ರಿತರಿಗೆ ಸಹಾಯ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರೋದು ಹಳೇ ಬಟ್ಟೆ, ಅಕ್ಕಿ ಚೀಲ, ಬಿಸ್ಕತ್ತು ಪೊಟ್ಟಣ. ಪ್ರಾಣ ಉಳಿಸಿಕೊಂಡು ಓಡಿ ಬಂದ ಮೊದಲ ವಾರ ಅದು ಬೇಕೇ ಬೇಕು. ಆದರೆ ವರ್ಷಗಟ್ಟಲೆ ನಮ್ಮ ನಡುವೆಯೇ ಬದುಕುತ್ತಿರುವವರಿಗೆ ಬೇಕಾಗಿರೋದು ಬೇರೆ: ಸರಿಯಾದ ಕಾಗದ, ಸರಿಯಾದ ಮಾಹಿತಿ, ನ್ಯಾಯದ ವ್ಯವಹಾರ, ಕಚೇರಿಗೋ ಆಸ್ಪತ್ರೆಗೋ ಜೊತೆಗೆ ಬರುವ ಒಬ್ಬ ಕನ್ನಡ ಬಲ್ಲ ಮನುಷ್ಯ. ಇದರಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ. ಸ್ವಲ್ಪ ಸಮಯ ಮತ್ತು ಸ್ವಲ್ಪ ತಿಳಿವಳಿಕೆ ಸಾಕು.

ಮೊದಲು ತಿಳಿಯಬೇಕಾದ್ದು: ಯಾರು ಏನು?

ದಲಾಯಿ ಲಾಮಾ ಭಾರತಕ್ಕೆ ಬಂದಿದ್ದು 1959ರ ಮಾರ್ಚ್‌ನಲ್ಲಿ. ಅವರ ಹಿಂದೆ ಬಂದ ಸಾವಿರಾರು ಜನರಿಗೆ ನೆಲೆ ಬೇಕೆಂದು ಆಗಿನ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ಪ್ರಮುಖವಾದದ್ದು. ಮೊದಲು ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಜಾಗ ಕೊಡಲಾಯಿತು. ನಂತರ ಮುಂಡಗೋಡ, ಹುಣಸೂರು ಕಡೆಯ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯದಲ್ಲಿ ಕಾಲನಿಗಳಾದವು.

ಭಾರತ 1951ರ ವಿಶ್ವಸಂಸ್ಥೆ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತಲೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಒಂದೊಂದು ಗುಂಪಿಗೆ ಒಂದೊಂದು ವ್ಯವಸ್ಥೆ. ಟಿಬೆಟಿಯನ್ನರು ಮತ್ತು ಶ್ರೀಲಂಕಾ ತಮಿಳರ ವಿಷಯವನ್ನು ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಮುಂತಾದ ಕಡೆಯಿಂದ ಬಂದವರ ಅರ್ಜಿಗಳನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆ ನಿರಾಶ್ರಿತರ ಹೈಕಮಿಷನರ್ ಕಚೇರಿ ಪರಿಶೀಲಿಸಿ ಕಾರ್ಡು ಕೊಡುತ್ತದೆ. 2025ರ ಸೆಪ್ಟೆಂಬರ್ 1ರಿಂದ ಹಳೆಯ ವಿದೇಶಿಯರ ಕಾಯ್ದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ.

ಇನ್ನೊಂದು ಮಾತು. ಕೆಂಪು ನಿಲುವಂಗಿ ಕಂಡವರೆಲ್ಲ ನಿರಾಶ್ರಿತರಲ್ಲ. ಇಲ್ಲಿನ ದ್ರೆಪುಂಗ್, ಗಾಂದೆನ್ ಮಠಗಳಲ್ಲಿ ಓದುವವರಲ್ಲಿ ಲಡಾಖ್, ಅರುಣಾಚಲ, ಹಿಮಾಚಲದ ಹುಡುಗರೂ ಇದ್ದಾರೆ. ಅವರು ನಮ್ಮ ನಿಮ್ಮ ಹಾಗೇ ಭಾರತದ ಪೌರರು. ಮುಖ ನೋಡಿ ದೇಶ ತೀರ್ಮಾನ ಮಾಡೋದನ್ನ ಬಿಡೋದೇ ಮೊದಲ ಸಹಾಯ.

1. ಕಾಗದದ ಕೆಲಸಕ್ಕೆ ಜೊತೆಯಾಗಿ

ಟಿಬೆಟಿಯನ್ನರ ಬದುಕು ನಿಂತಿರೋದು ಎರಡು ದಾಖಲೆ ಮೇಲೆ. ಒಂದು, ಪೊಲೀಸ್ ಇಲಾಖೆಯ ವಿದೇಶಿಯರ ನೋಂದಣಿ ವಿಭಾಗ ಕೊಡುವ ನೋಂದಣಿ ಪ್ರಮಾಣಪತ್ರ. ಎಲ್ಲರೂ ಕರೆಯೋದು ಆರ್‌ಸಿ ಅಂತ. ಎರಡು, ವಿದೇಶಕ್ಕೆ ಹೋಗೋರಿಗೆ ಪಾಸ್‌ಪೋರ್ಟ್ ಬದಲು ಸಿಗುವ ಐಡೆಂಟಿಟಿ ಸರ್ಟಿಫಿಕೇಟ್, ಅಂದ್ರೆ ಕಾಲನಿ ಜನರ ಬಾಯಲ್ಲಿ 'ಹಳದಿ ಪುಸ್ತಕ'. ಮೊದಲು ಆರ್‌ಸಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2012ರಲ್ಲಿ, ಇಲ್ಲೇ ಹುಟ್ಟಿದವರಿಗೆ ಮತ್ತು 20 ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿರುವವರಿಗೆ ಅವಧಿಯನ್ನು 5 ವರ್ಷಕ್ಕೆ ಏರಿಸಲಾಯಿತು.

ಅವಧಿ ಹೆಚ್ಚಾಗಿದ್ದು ಒಳ್ಳೇದೇ. ಆದರೆ 5 ವರ್ಷಕ್ಕೊಮ್ಮೆ ಬರುವ ತಾರೀಕು ಮರೆತು ಹೋಗೋದೂ ಸುಲಭ. ಅದರಲ್ಲೂ ಮಕ್ಕಳು ವಿದೇಶಕ್ಕೆ ಹೋಗಿ ಒಬ್ಬರೇ ಉಳಿದ ವಯಸ್ಸಾದವರಿಗೆ. ಆನ್‌ಲೈನ್ ಅರ್ಜಿ, ಮೊಬೈಲ್‌ಗೆ ಬರುವ ಒಟಿಪಿ, ಫೋಟೋ ಅಳತೆ ಇವೆಲ್ಲ ಅವರಿಗೆ ತಲೆನೋವು.

ಇಲ್ಲಿ ನೆರೆಹೊರೆಯವರು, ಸೈಬರ್ ಸೆಂಟರ್‌ನವರು, ಕಾಲೇಜು ಹುಡುಗರು ಮಾಡಬಹುದಾದ್ದು ಬಹಳಷ್ಟಿದೆ:

- ಪರಿಚಯದ ಹಿರಿಯರ ಆರ್‌ಸಿ ಮುಗಿಯುವ ತಾರೀಕು ಕೇಳಿ, ಮೂರು ತಿಂಗಳು ಮೊದಲೇ ನೆನಪಿಸಿ.
- ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂರಿ. ಹೆಸರಿನ ಸ್ಪೆಲ್ಲಿಂಗ್ ಎಲ್ಲ ದಾಖಲೆಯಲ್ಲೂ ಒಂದೇ ಇದೆಯಾ ನೋಡಿ. ಟಿಬೆಟಿಯನ್ ಹೆಸರುಗಳನ್ನು ನಮ್ಮ ಕಚೇರಿಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದುಬಿಡುತ್ತಾರೆ. ಮುಂದೆ ಅದೇ ದೊಡ್ಡ ಗೋಳು.
- ಕಚೇರಿಯಲ್ಲಿ ಹೇಳಿದ್ದು ಕನ್ನಡದಲ್ಲಿದ್ದರೆ ಅರ್ಥ ಮಾಡಿಸಿ. ತಂದ ಸ್ವೀಕೃತಿ ಪತ್ರದ ಫೋಟೋ ತೆಗೆದು ಅವರ ಮೊಬೈಲ್‌ನಲ್ಲೇ ಇಡಿಸಿ.
- ಅವರ ದಾಖಲೆಯ ಪ್ರತಿಯನ್ನು ನಿಮ್ಮ ಮೊಬೈಲ್‌ನಲ್ಲಿ ಉಳಿಸಿಕೊಳ್ಳಬೇಡಿ, ಯಾವ ಗ್ರೂಪಿಗೂ ಹಾಕಬೇಡಿ.

ಯಾವ ಪತ್ರ ಬೇಕು, ಯಾರ ಸಹಿ ಬೇಕು ಅನ್ನೋದು ಗೊತ್ತಾಗದಿದ್ದರೆ ಕಾಲನಿಯ ಸೆಟಲ್‌ಮೆಂಟ್ ಆಫೀಸಿನಲ್ಲಿ ಕೇಳೋದು ಒಳ್ಳೇದು. ಊಹೆ ಮೇಲೆ ಅರ್ಜಿ ಹಾಕಿಸಬೇಡಿ.

2. ಜನನ ನೋಂದಣಿ ತಪ್ಪದಂತೆ ನೋಡಿ

ಭಾರತದಲ್ಲಿ ಹುಟ್ಟುವ ಪ್ರತಿ ಮಗುವಿನ ಜನನವೂ ನೋಂದಣಿ ಆಗಲೇಬೇಕು. ಅಪ್ಪ ಅಮ್ಮ ಯಾವ ದೇಶದವರು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. 21 ದಿನದೊಳಗೆ ಮಾಡಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶದವರೆಗೂ ಅಲೆದಾಟ. ಜನನ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಪೌರತ್ವ ಸಿಗೋದಿಲ್ಲ. ಆದರೆ ಮಗು ಎಲ್ಲಿ, ಯಾವಾಗ, ಯಾರಿಗೆ ಹುಟ್ಟಿತು ಅನ್ನೋದಕ್ಕೆ ಜೀವನಪೂರ್ತಿ ಉಳಿಯುವ ಸಾಕ್ಷಿ ಅದೊಂದೇ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ಪಕ್ಕದ ಮನೆಯವರು ಈ ಒಂದು ವಿಷಯ ಕಿವಿಗೆ ಹಾಕಿದರೂ ದೊಡ್ಡ ಉಪಕಾರ.

ತಾರೀಕು ಎಷ್ಟು ಮುಖ್ಯ ಅನ್ನೋದಕ್ಕೆ ಉದಾಹರಣೆ ಟಿಬೆಟಿಯನ್ನರದ್ದೇ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. ಹುಟ್ಟಿದ ದಿನಕ್ಕೆ ಕಾಗದವಿದ್ದವರಿಗೆ ದಾರಿ ತೆರೆಯಿತು. ಇಲ್ಲದವರು ಸಾಬೀತು ಮಾಡಲು ಪರದಾಡಬೇಕಾಯಿತು.

ಹಾಗಂತ ಸಿಕ್ಕ ಸಿಕ್ಕವರನ್ನೆಲ್ಲ 'ನೀವ್ಯಾಕೆ ಇಂಡಿಯನ್ ಆಗಲ್ಲ?' ಅಂತ ಕೇಳೋದು ಬೇಡ. ಊರಿಗೆ ಮರಳುವ ಆಸೆಯನ್ನು ಕಾಗದದಲ್ಲಾದರೂ ಉಳಿಸಿಕೊಳ್ಳಬೇಕು ಅನ್ನುವವರಿದ್ದಾರೆ. ಮಕ್ಕಳ ಓದು, ಕೆಲಸದ ದೃಷ್ಟಿಯಿಂದ ಪೌರತ್ವ ಬೇಕು ಅನ್ನುವವರೂ ಇದ್ದಾರೆ. ಆಯ್ಕೆ ಅವರದ್ದು.

3. ಮನೆ ಬಾಡಿಗೆಗೆ ಕೊಡೋರು ಹೆದರಬೇಕಿಲ್ಲ, ನಿಯಮ ಪಾಲಿಸಿದರೆ ಸಾಕು

'ವಿದೇಶಿಯರಿಗೆ ಮನೆ ಕೊಟ್ಟರೆ ಪೊಲೀಸ್ ಕೇಸು' ಅನ್ನೋ ಭಯದಲ್ಲಿ ಎಷ್ಟೋ ಜನ ಬಾಗಿಲು ಹಾಕಿಬಿಡುತ್ತಾರೆ. ಕಾನೂನು ಹೇಳೋದು ಮನೆ ಕೊಡಬೇಡಿ ಅಂತಲ್ಲ, ಮಾಹಿತಿ ಕೊಡಿ ಅಂತ. ಲಾಡ್ಜ್, ಹೋಂಸ್ಟೇ, ಹಾಸ್ಟೆಲ್ ಯಾವುದೇ ಇರಲಿ, ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಜನ ಇದನ್ನ ಸಿ-ಫಾರಂ ಅಂತಾರೆ. ಮನೆ ಬಾಡಿಗೆಗೆ ಕೊಡುವವರು ದಾಖಲೆ ಪ್ರತಿ ತೆಗೆದುಕೊಂಡು, ಕರಾರುಪತ್ರ ಮಾಡಿಸಿ, ತಮ್ಮ ಠಾಣೆಯಲ್ಲಿ ಏನೇನು ಕೊಡಬೇಕು ಅಂತ ಕೇಳಿ ಕೊಟ್ಟುಬಿಟ್ಟರೆ ಮುಗಿಯಿತು.

ಕರಾರುಪತ್ರ ಇಲ್ಲದೆ, ಬಾಯಿಮಾತಲ್ಲಿ, ಊರವರಿಗಿಂತ ದುಪ್ಪಟ್ಟು ಬಾಡಿಗೆಗೆ ಕೊಡೋದು ಸಹಾಯ ಅಲ್ಲ. ಕಾಗದವಿಲ್ಲದ ಬಾಡಿಗೆದಾರ ದೂರು ಕೊಡಲಾರ ಅನ್ನೋ ಧೈರ್ಯದ ಮೇಲೆ ನಡೆಯುವ ಸುಲಿಗೆ ಅದು. ವಿಳಾಸದ ಪುರಾವೆ ಇಲ್ಲದಿದ್ದರೆ ಅವರ ಉಳಿದ ಎಲ್ಲ ಕಾಗದವೂ ಅಲ್ಲೇ ನಿಲ್ಲುತ್ತದೆ.

ವಿದೇಶದಿಂದ ಬರುವ ನಿಮ್ಮ ಸ್ನೇಹಿತರನ್ನು ಕಾಲನಿಗೆ ಕರೆದುಕೊಂಡು ಹೋಗಿ ಉಳಿಸೋ ಯೋಚನೆ ಇದ್ದರೆ ಇದೂ ಗೊತ್ತಿರಲಿ: ಅವರಿಗೆ ಕೇಂದ್ರ ಗೃಹ ಸಚಿವಾಲಯದ ಮುಂಗಡ ಅನುಮತಿ ಬೇಕು. ಭಾರತೀಯರಿಗೆ ಬೇಕಿಲ್ಲ. ಅನುಮತಿ ಇಲ್ಲದೆ ಉಳಿಸಿದರೆ ತೊಂದರೆ ಅವರಿಗೂ, ಇಟ್ಟುಕೊಂಡ ಮನೆಯವರಿಗೂ.

4. ಶಾಲೆಗೆ ದಾಖಲಾತಿ, ಬಾಯಿಗೆ ಕನ್ನಡ

ಕಾಲನಿಯ ಮಕ್ಕಳಿಗೆ ಟಿಬೆಟಿಯನ್ ಶಾಲೆಗಳಿವೆ. ಆ ಅನುಕೂಲ ಇಲ್ಲದ ನಿರಾಶ್ರಿತ ಕುಟುಂಬಗಳು ಬೆಂಗಳೂರಿನಂಥ ನಗರಗಳಲ್ಲಿ ಚಿಂದಿ ಆಯುವುದು, ಕಟ್ಟಡ ಕೆಲಸ ಮಾಡುವುದರಲ್ಲಿ ದಿನ ದೂಡುತ್ತಿವೆ. ಶಿಕ್ಷಣ ಹಕ್ಕು ಕಾಯ್ದೆ ಹೇಳೋದು 6ರಿಂದ 14 ವರ್ಷದ 'ಪ್ರತಿ ಮಗು' ಅಂತ. ವಯಸ್ಸಿನ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಓದು ನಿಂತುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಅಂತಲೂ ಅದರಲ್ಲಿದೆ. ರೋಹಿಂಗ್ಯಾ ಮಕ್ಕಳ ವಿಷಯ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದು ಕೋರ್ಟ್ ಹೇಳಿತು. ಮುಖ್ಯಶಿಕ್ಷಕರ ಮುಂದೆ ಈ ಮಾತು ಸಮಾಧಾನವಾಗಿ ಹೇಳಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ.

ಇನ್ನು ಭಾಷೆ. ಸಂತೆಯಲ್ಲಿ ವ್ಯವಹಾರ ಮಾಡುವಷ್ಟು ಕನ್ನಡ ಕಾಲನಿಯ ಎಷ್ಟೋ ಜನರಿಗೆ ಬರುತ್ತದೆ. ತಹಶೀಲ್ದಾರ್ ಕಚೇರಿಯ ಕನ್ನಡ, ಆಸ್ಪತ್ರೆ ಚೀಟಿಯ ಕನ್ನಡ ಬರೋದಿಲ್ಲ. ನಿವೃತ್ತ ಮೇಷ್ಟ್ರು, ಕಾಲೇಜು ವಿದ್ಯಾರ್ಥಿಗಳು ವಾರಕ್ಕೆ ಒಂದು ತಾಸು ಕೊಟ್ಟರೆ ಸಾಕು. ಅಆಇಈ ಇಂದ ಶುರು ಮಾಡಬೇಕಿಲ್ಲ. 'ಎಲ್ಲಿ ನೋವು', 'ಎಷ್ಟು ದಿನದಿಂದ', 'ಯಾವ ಬಸ್ಸು', 'ರಶೀದಿ ಕೊಡಿ' ಇಂಥವು ಮೊದಲು. ಬದಲಿಗೆ 'ತಾಶಿ ದೆಲೆಕ್' ಅನ್ನೋದನ್ನ, ಹಿರಿಯ ಹೆಂಗಸರನ್ನ 'ಅಮಾಲಾ' ಅಂತ ಕರೆಯೋದನ್ನ ನೀವೂ ಕಲಿಯಬಹುದು.

5. ಆಸ್ಪತ್ರೆಗೆ ಜೊತೆಗೆ ಹೋಗಿ

ದೊಡ್ಡ ಮಠ, ಚಿನ್ನದ ಬಣ್ಣದ ಮೂರ್ತಿ ನೋಡಿದವರಿಗೆ 'ಇವರಿಗೇನು ಕಡಿಮೆ' ಅನಿಸುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಕಾಲನಿ ಮನೆಗಳ ಒಳಗೆ ಒಂಟಿಯಾಗಿರುವ ವೃದ್ಧರಿದ್ದಾರೆ. ಮಗ ಕೆನಡಾದಲ್ಲೋ ಫ್ರಾನ್ಸ್‌ನಲ್ಲೋ ಇರಬಹುದು. ದುಡ್ಡು ಕಳಿಸಬಹುದು. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಟೋಕನ್ ತೆಗೆದುಕೊಂಡು ಪಕ್ಕದಲ್ಲಿ ಕೂರಲು ಅವನಿಂದಾಗೋದಿಲ್ಲ. ಅದು ಊರಿನವರಿಂದ ಆಗುವ ಕೆಲಸ.

ಮಕ್ಕಳ ಲಸಿಕೆ ಎಲ್ಲರಿಗೂ ಉಚಿತ. ಕ್ಷಯ ರೋಗದ ಪರೀಕ್ಷೆ, ಔಷಧಿ ಕೂಡ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾಸ್ಟೆಲ್, ಮಠದಂಥ ಒತ್ತೊತ್ತಾಗಿ ಮಲಗುವ ಜಾಗದಲ್ಲಿ ಕ್ಷಯ ಬೇಗ ಹರಡುವುದರಿಂದ ಎರಡು ವಾರ ಮೀರಿದ ಕೆಮ್ಮು ಇದ್ದರೆ ಪರೀಕ್ಷೆಗೆ ಕರೆದೊಯ್ಯಿರಿ. 2022ರಲ್ಲಿ ಶುರುವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ಯಾವುದೇ ಸಾಮಾನ್ಯ ವ್ಯಕ್ತಿ, ಸಂಘ, ಅಂಗಡಿಯವರು ನೋಂದಾಯಿಸಿಕೊಂಡು, ಒಪ್ಪಿಗೆ ಕೊಟ್ಟ ಕ್ಷಯ ರೋಗಿಗೆ ತಿಂಗಳ ಪೌಷ್ಟಿಕ ಆಹಾರದ ಕಿಟ್ ಕೊಡಬಹುದು. ಕಾಲನಿಗೂ ಸುತ್ತಲ ಹಳ್ಳಿಗಳಿಗೂ ನೆರವಾಗಬೇಕೆನ್ನುವವರು ತಾಲೂಕು ಆಸ್ಪತ್ರೆಯ ಕ್ಷಯ ವಿಭಾಗದಲ್ಲಿ ವಿಚಾರಿಸಿ.

6. ಕೊಳ್ಳುವಾಗ, ಕೂಲಿ ಕೊಡುವಾಗ ನ್ಯಾಯವಾಗಿರಿ

ಮಳೆಗಾಲದಲ್ಲಿ ಗೋವಿನಜೋಳ, ಚಳಿಗಾಲದಲ್ಲಿ ಸ್ವೆಟರ್. ಟಿಬೆಟಿಯನ್ ಕುಟುಂಬಗಳ ವರ್ಷದ ಲೆಕ್ಕ ಬಹುಮಟ್ಟಿಗೆ ಇಷ್ಟೇ. ಲುಧಿಯಾನದ ಸಗಟು ವ್ಯಾಪಾರಿಗಳಿಂದ ಸ್ವೆಟರ್ ತಂದು, ಊರೂರಿನ ಫುಟ್‌ಪಾತ್‌ನಲ್ಲಿ ಎರಡು ಮೂರು ತಿಂಗಳು ಮಾರಿ, ಉಳಿದದ್ದರಲ್ಲಿ ವರ್ಷ ನಡೆಸೋದು. ಮಾಲ್‌ನಲ್ಲಿ ಬೆಲೆಚೀಟಿ ನೋಡಿ ಸುಮ್ಮನೆ ದುಡ್ಡು ಕೊಡುವವರು ಇವರ ಹತ್ತಿರ ಅರ್ಧಕ್ಕರ್ಧ ಚೌಕಾಸಿ ಮಾಡುತ್ತಾರೆ. ಕಾಲನಿಯ ಹೋಟೆಲು, ಕಾರ್ಪೆಟ್, ಅಗರಬತ್ತಿ ಕೊಳ್ಳೋದೂ ಸಹಾಯವೇ. ದಾನ ಪಡೆಯೋದಕ್ಕಿಂತ ವ್ಯಾಪಾರ ಮಾಡೋದು ಯಾರಿಗಾದರೂ ಹೆಚ್ಚು ಮರ್ಯಾದೆಯ ದಾರಿ.

ಈ ಸಂಬಂಧ ಒಂದು ಕಡೆಯದ್ದಲ್ಲ. ಸುತ್ತಲ ಹಳ್ಳಿಗಳ ಎಷ್ಟೋ ಜನ ಕಾಲನಿಯ ಹೊಲ, ಅಡುಗೆಮನೆ, ಕಟ್ಟಡ ಕೆಲಸ, ಆಟೊ ಬಾಡಿಗೆಯಿಂದಲೇ ಜೀವನ ಮಾಡುತ್ತಿದ್ದಾರೆ. ಕೂಲಿ ವಿಷಯದಲ್ಲಿ ನ್ಯಾಯ ಎರಡೂ ಕಡೆ ಇರಬೇಕು. ಕಾಗದವಿಲ್ಲದವರು ಸಿಕ್ಕರು ಅಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳೋದು ನಮ್ಮೂರ ಕೂಲಿಕಾರರ ಹೊಟ್ಟೆ ಮೇಲೂ ಹೊಡೆಯುತ್ತದೆ.

2014ರ ಕೇಂದ್ರದ ಟಿಬೆಟಿಯನ್ ಪುನರ್ವಸತಿ ನೀತಿ, ಟಿಬೆಟಿಯನ್ನರು ಅರ್ಹತೆಯಿರುವ ಕೆಲಸ ಮಾಡಬಹುದು, ವ್ಯಾಪಾರ ಪರವಾನಗಿ ಪಡೆಯಬಹುದು, ರಾಜ್ಯಗಳು ಉದ್ಯೋಗ ಖಾತ್ರಿ, ಪಡಿತರದಂಥ ಯೋಜನೆಗಳನ್ನು ಅವರಿಗೂ ವಿಸ್ತರಿಸಬಹುದು ಎಂದು ಹೇಳುತ್ತದೆ. ಗ್ರಾಮಸಭೆಯಲ್ಲಿ ಕಾಲನಿಯ ನೀರು, ರಸ್ತೆ, ದೀಪದ ಮಾತು ಬಂದಾಗ 'ಅವರಿಗ್ಯಾಕೆ' ಅನ್ನೋ ಬದಲು ಈ ನೀತಿಯನ್ನು ನೆನಪಿಸಬಹುದು.

7. ಸುಳ್ಳು ಸುದ್ದಿ ನಿಮ್ಮ ಮೊಬೈಲ್‌ನಲ್ಲೇ ನಿಲ್ಲಲಿ

2012ರ ಆಗಸ್ಟ್ ನೆನಪಿದೆಯಾ? ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಅದೇ ಹೊತ್ತಲ್ಲಿ ಮೈಸೂರಿನಲ್ಲಿ ಟಿಬೆಟಿಯನ್ ಯುವಕನೊಬ್ಬನಿಗೆ ಚೂರಿ ಇರಿತವಾಯಿತು. ವದಂತಿ ತಡೆಯಲು ಸರ್ಕಾರ ಒಂದೇ ಬಾರಿಗೆ ಹೆಚ್ಚು ಎಸ್‌ಎಂಎಸ್ ಕಳಿಸೋದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಆಗ ಎಸ್‌ಎಂಎಸ್ ಇತ್ತು, ಈಗ ವಾಟ್ಸ್‌ಆ್ಯಪ್ ಇದೆ.

'ನಮ್ಮ ಏರಿಯಾದಲ್ಲಿ ವಿದೇಶಿ ನುಸುಳುಕೋರರು' ಅಂತ ಗುಡಿಸಲುಗಳ ವಿಡಿಯೊ ಬಂದರೆ ಫಾರ್ವರ್ಡ್ ಮಾಡಬೇಡಿ. ಅಲ್ಲಿರೋದು ನಮ್ಮದೇ ಕಲಬುರಗಿ, ರಾಯಚೂರಿನ, ಪಶ್ಚಿಮ ಬಂಗಾಳದ ಕೂಲಿಕಾರರೂ ಇರಬಹುದು. ನಿಜವಾಗಿ ಅನುಮಾನ ಇದ್ದರೆ 112ಕ್ಕೆ ಅಥವಾ ಠಾಣೆಗೆ ಹೇಳಿ. ದಾಖಲೆ ಪರಿಶೀಲಿಸುವ ಅಧಿಕಾರ ಪೊಲೀಸರಿಗಿದೆ, ಯುವಕರ ಗುಂಪಿಗೆ ಇಲ್ಲ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಪೌರರಿಗಷ್ಟೇ ಅಲ್ಲ, ಈ ನೆಲದಲ್ಲಿರುವ ಎಲ್ಲರಿಗೂ ಇದೆ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲೇ ಹೇಳಿದೆ.

8. ದುಡ್ಡು, ಸಾಮಾನು ಕೊಡೋದಾದರೆ

- ಕೇಳಿ ಕೊಡಿ. ಬೇಡದ ಬಟ್ಟೆ ಗುಡ್ಡೆ ವಿಂಗಡಿಸೋದೇ ಅವರಿಗೆ ಕೆಲಸವಾಗಬಾರದು.
- ಹರಿದ, ಕಲೆಯಾದ ಬಟ್ಟೆ ಬೇಡ. ನಿಮ್ಮ ಮನೆ ಮಕ್ಕಳಿಗೆ ಹಾಕದ್ದನ್ನು ಬೇರೆಯವರ ಮಕ್ಕಳಿಗೂ ಕೊಡಬೇಡಿ.
- ಸಂಸ್ಥೆಗೆ ಕೊಡೋದಾದರೆ ನೋಂದಣಿ ಸಂಖ್ಯೆ, ಬ್ಯಾಂಕ್ ಖಾತೆ, ರಶೀದಿ ನೋಡಿ. ವ್ಯಕ್ತಿಯ ಹೆಸರಿನ ಯುಪಿಐ ಕೋಡ್ ಕಳಿಸಿದರೆ ಎರಡು ಸಲ ಯೋಚಿಸಿ.
- ಒಮ್ಮೆಗೇ 5,000 ಕೊಡೋದಕ್ಕಿಂತ ಒಂದು ಮಗುವಿನ ಓದಿಗೆ ತಿಂಗಳಿಗೆ 500ರಂತೆ ತಪ್ಪದೆ ಕೊಡೋದು ಹೆಚ್ಚು ಉಪಯೋಗ.
- ಕೊಡುವಾಗಿನ ಫೋಟೋ ಬೇಡ. ಊರಲ್ಲಿ ಉಳಿದ ಸಂಬಂಧಿಕರಿಗೆ ಅಪಾಯ ಆಗಬಹುದು ಅಂತ ಮುಖ ತೋರಿಸಲು ಹೆದರುವ ನಿರಾಶ್ರಿತರಿದ್ದಾರೆ.

ಸಹಾಯ ಅಂತ ಇವನ್ನ ಮಾತ್ರ ಮಾಡಬೇಡಿ

ಪರಿಚಯದ ಏಜೆಂಟರ ಮೂಲಕ ವೋಟರ್ ಐಡಿ, ಪಾಸ್‌ಪೋರ್ಟ್ 'ಮಾಡಿಸಿಕೊಡೋದು' ಸಹಾಯವಲ್ಲ, ಅಪರಾಧ. ಹೊಸ ಕಾಯ್ದೆಯಲ್ಲಿ ನಕಲಿ ಪಾಸ್‌ಪೋರ್ಟ್, ವೀಸಾ ಬಳಸಿದವರಿಗೂ ಒದಗಿಸಿದವರಿಗೂ 2ರಿಂದ 7 ವರ್ಷ ಜೈಲು, 1 ಲಕ್ಷದಿಂದ 10 ಲಕ್ಷ ರೂಪಾಯಿ ದಂಡ ಇದೆ. ಸಿಕ್ಕಿಬಿದ್ದರೆ ನಿರಾಶ್ರಿತರಿಗೆ ಅಸಲಿ ಹಕ್ಕೂ ಕೈತಪ್ಪುತ್ತದೆ. ಆಧಾರ್ ಇದ್ದರೆ ಪೌರತ್ವ ಇದ್ದಂತೆ ಅನ್ನೋದೂ ತಪ್ಪು ತಿಳಿವಳಿಕೆ. ಅದು ಗುರುತಿನ ದಾಖಲೆ ಅಷ್ಟೇ.

ಕಾಲನಿಯ ಜಮೀನು ಸರ್ಕಾರದ್ದು, ಗುತ್ತಿಗೆ ಮೇಲೆ ಕೊಟ್ಟಿದ್ದು. 'ಕ್ಯಾಂಪಿನಲ್ಲಿ ಸೈಟು ಕೊಡಿಸ್ತೀನಿ' ಅಂತ ಯಾರಾದರೂ ಬಂದರೆ ಅಡ್ವಾನ್ಸ್ ಕೊಡಬೇಡಿ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಎಲ್ಲ ನಿರಾಶ್ರಿತರಿಗೂ ಅಂತ ಹೇಳಿ ಆಸೆ ಹುಟ್ಟಿಸಬೇಡಿ. ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಟಿಬೆಟಿಯನ್ನರು, ಶ್ರೀಲಂಕಾ ತಮಿಳರು ಅದರಲ್ಲಿಲ್ಲ. ಸಿಂಧನೂರು ತಾಲೂಕಿನ ಕ್ಯಾಂಪುಗಳಲ್ಲಿ ನೆಲೆಸಿರುವ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಈ ಕಾಯ್ದೆ ಸಂಬಂಧಿಸಿದ್ದು. ಇನ್ನು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ತಮಿಳರು 1964ರ ಭಾರತ–ಸಿಲೋನ್ ಒಪ್ಪಂದದಡಿ ಮರಳಿ ಬಂದವರು. ಅವರು ಪೌರರೇ. ಜಾತಿ ಪ್ರಮಾಣಪತ್ರದಂಥ ಕಾಗದಕ್ಕೆ ಅವರೂ ವರ್ಷಗಟ್ಟಲೆ ಅಲೆದಿದ್ದಾರೆ. ಜಿಲ್ಲೆ ಬೇರೆ, ಕಥೆ ಬೇರೆ, ಆದರೆ ಗಂಟು ಬೀಳೋದು ಎಲ್ಲ ಕಡೆ ಕಾಗದದಲ್ಲೇ.

ಈ ನಂಬರುಗಳು ಇಟ್ಟುಕೊಂಡಿರಿ

- 15100: ಉಚಿತ ಕಾನೂನು ನೆರವು. ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಸಿಗುತ್ತದೆ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲೂ ಕೇಳಬಹುದು.
- 1098: ಮಕ್ಕಳ ಸಹಾಯವಾಣಿ.
- 112: ತುರ್ತು ಸಂದರ್ಭಕ್ಕೆ.

ಅರವತ್ತು ವರ್ಷದ ಹಿಂದೆ ಈ ತಾಲೂಕಿನ ಜನ ಗುರುತು ಪರಿಚಯ ಇಲ್ಲದವರಿಗೆ ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟರು. ಆಗ ಬೇಕಿದ್ದದ್ದು ನೆಲ. ಈಗ ಬೇಕಿರೋದು ವಾರಕ್ಕೆ ಒಂದು ತಾಸು. ಈ ಪಟ್ಟಿಯಲ್ಲಿ ಎಲ್ಲವನ್ನೂ ಯಾರೂ ಮಾಡಲಾರರು. ಪರಿಚಯದ ಒಂದು ಮನೆಗೆ ಹೋಗಿ, 'ಅಮಾಲಾ, ನಿಮ್ಮ ಆರ್‌ಸಿ ಯಾವಾಗ ಮುಗಿಯುತ್ತೆ?' ಅಂತ ಕೇಳೋದು ಮಾತ್ರ ಯಾರಿಂದಲಾದರೂ ಆಗುತ್ತದೆ.